ಶುಗರ್ ಫ್ರೀ ಸ್ವೀಟ್ ಅಪ್ಪಾಜಿಗೆ ಕೊಡಬೇಕೋ, ಅವ್ವನ ಪಂಚಮಿ ಉಂಡಿನೇ ಆದೀತೋ?

ಗವಿಗುಡ್ಡ_ಕೊಪ್ಪಳ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರ್ಗೂ. ಸಣ್ಣ ವಿಷಯಕ್ಕ ನಮ್ಮ ಮನ್ಯಾಗ ಎರಡು ಪಾರ್ಟಿ ಆಗ್ಯಾವು, ಅದಕ್ಕ ಇಲ್ಲಿ ಕೇಳಾಕತ್ತೀನಿ. ನಮ್ಮ ಅಪ್ಪಾಜಿ ರಿಟೈರ್ಡ್ ಮಾಸ್ತರು, 63 ವಯಸ್ಸು, ಶುಗರ್ ಬಂದು 9 ವರ್ಷ ಆತು. ಮೆಟ್‌ಫಾರ್ಮಿನ್ ಮತ್ತ ಗ್ಲಿಮೆಪಿರೈಡ್ ಗುಳಿಗಿ ನಡದಾವು. ಹೋದ ತಿಂಗಳ, ಮೂರು ತಿಂಗಳ ಶುಗರಿನ ಸರಾಸರಿ ತೋರಸೋ ಎಚ್‌ಬಿಎ1ಸಿ 8.1 ಬಂದಿತ್ತು, ಡಾಕ್ಟರು ಏಳರ ಆಜೂಬಾಜೂ ತರ್ರಿ ಅಂದ್ರು.

ಈಗ ಪಂಚಮಿಗೆ ಅಕ್ಕ ಮಾವಾರು ಬೆಂಗಳೂರಿಂದ ಬಂದಾರ. ಮಾವಾರು ಪಾಪ ಪ್ರೀತಿಲೆ ಅಪ್ಪಾಜಿಗೆ ಅಂತನ ಒಂದು ಕೆಜಿ ಶುಗರ್ ಫ್ರೀ ಸ್ವೀಟ್ ಡಬ್ಬಿ ತಂದಾರ, ಕಾಜು ಕಟ್ಲಿ, ಅಂಜೀರ್ ಬರ್ಫಿ, ಮೋತಿಚೂರ್ ಲಾಡು ಎಲ್ಲಾ ಐತಿ, ಸಾದಾ ಸ್ವೀಟಿಗಿಂತ ಡಬಲ್ ರೇಟು. ಡಬ್ಬಿ ಮ್ಯಾಲೆ ದೊಡ್ಡ ಹಸರ ಅಕ್ಷರದಾಗ 'ಶುಗರ್ ಇದ್ದವರಿಗೆ ಸೂಕ್ತ' ಅಂತ ಬರದಾರ. ಅದನ್ನ ಓದಿದ್ದ ತಡ ನಮ್ಮ ಅಪ್ಪಾಜಿ 9 ವರ್ಷದ ಸೇಡು ಒಂದ ಮಧ್ಯಾಹ್ನದಾಗ ತೀರಿಸ್ಕೊಂಡ್ರು, ಊಟ ಆದಮ್ಯಾಲೆ ಎರಡು ಕಟ್ಲಿ ಒಂದು ಲಾಡು, ಟಿವಿ ನೋಡ್ಕೋತ ಇನ್ನೊಂದು ಬರ್ಫಿ, ಅವ್ವ ಸಾಕ್ರಿ ಅಂದ್ರ 'ಸಕ್ಕರಿನ ಇಲ್ಲಲ್ಲ, ನಿನಗ್ಯಾಕ ಸಂಕಟ' ಅಂತಾರ. ಎರಡು ತಾಸಿಗೆ ನಾ ಮೀಟರ್ ಹಚ್ಚಿ ನೋಡಿದೆ, 241. ರಾತ್ರಿಯೆಲ್ಲಾ ಹೊಟ್ಟಿ ಗುಡುಗುಡು, ಬೆಳತನ ನಾಕ ಸಲ ಬಚ್ಚಲಕ್ಕ ಓಡಾಡ್ಯಾರ.

ಅವ್ವನ ವಾದ ಏನಂದ್ರ, ನಾನು ಮಾಡಿದ ಶೇಂಗಾ ಉಂಡಿ ಎಳ್ಳುಂಡಿ ಬೆಲ್ಲದ್ದು, ಬೆಲ್ಲ ಏನೂ ಮಾಡೂದಿಲ್ಲ, ಆ ಕೆಮಿಕಲ್ ಸ್ವೀಟಿಗಿಂತ ಇದ ಚಲೋ. ಮಾವಾರು ಮುಖ ಸಣ್ಣ ಮಾಡ್ಕೊಂಡು ಕುಂತಾರ. ಯಾರದ್ದು ಖರೆ? ಈ ಸ್ವೀಟ್ ದುಡ್ಡು ಕೊಟ್ಟು ತಿನ್ನಾಕ ಲಾಯಕ್ ಐತೋ ಇಲ್ಲೋ?

ಗುಳಿಗಿ_ಅಂಗಡಿ, ಗಂಗಾವತಿ:

ಅಣ್ಣಾರ, ಡಬ್ಬಿ ಹೊಳ್ಳಿಸಿ ಹಿಂದ್ಕ ನೋಡ್ರಿ. ಮುಂದಿಂದು ಮಾರಾಕ ಬರದಿದ್ದು, ಹಿಂದಿಂದು ಕಾಯ್ದೆಗೆ ಅಂಜಿ ಬರದಿದ್ದು. ಅಲ್ಲಿ ಇಂಗ್ರೀಡಿಯೆಂಟ್ಸ್ ಒಳಗ ಮಾಲ್ಟಿಟಾಲ್ ಅಂತ ಇರಬೇಕು, ಸಕ್ಕರಿ ಬದಲಿ ಹಾಕೋ ಸಿಹಿ ಅದು, ಅದರ ಬಾಜೂಕ ಸಣ್ಣ ಅಕ್ಷರದಾಗ ಪಾಲಿಯೋಲ್ಸ್, ಅಂದ್ರ ಈ ಜಾತಿ ಸಿಹಿ, ಇರೂದ್ರಿಂದ ಭೇದಿ ಆಗಬಹುದು ಅನ್ನೋ ಅರ್ಥದ ಒಂದು ಲೈನ್ ಇರ್ತೈತಿ. ನಿಮ್ಮ ಅಪ್ಪಾಜಿ ನಾಕ ಸಲ ಓಡಾಡಿದ್ದಕ್ಕ ಕಾರಣ ಅದ ಇರಬೇಕು. ಮಾಲ್ಟಿಟಾಲ್ ಸಣ್ಣ ಕರಳಿನ್ಯಾಗ ಪೂರ್ತಿ ಹೀರೂದಿಲ್ಲ, ಉಳದಿದ್ದು ದೊಡ್ಡ ಕರಳಿಗೆ ಹೋಗಿ ನೀರು ಎಳಿತೈತಿ, ಗ್ಯಾಸ್ ಮಾಡ್ತೈತಿ. ಒಂದು ಪೀಸಿಗೆ ಗೊತ್ತಾಗೂದಿಲ್ಲ, ನಾಕ ಪೀಸಿಗೆ ಗೊತ್ತಾಗ್ತೈತಿ.

ಇನ್ನ 241 ಯಾಕ ಬಂತು ಅಂದ್ರ, ಸಕ್ಕರಿ ಇಲ್ಲಾಂದ್ರ ರಕ್ತದಾಗ ಶುಗರ್ ಏರೂದಿಲ್ಲ ಅನ್ನೋದ ತಪ್ಪು. ಮಾಲ್ಟಿಟಾಲ್ ಸಕ್ಕರಿಕಿಂತ ಕಡಿಮಿ ಏರಿಸ್ತೈತಿ, ಆದ್ರ ಏರಿಸ್ತೈತಿ. ತಿಂದಿದ್ದು ರಕ್ತದಾಗ ಶುಗರ್ ಎಷ್ಟು ಏರಿಸ್ತೈತಿ ಅನ್ನಾಕ ಗ್ಲೈಸೆಮಿಕ್ ಇಂಡೆಕ್ಸ್ ಅಂತ ಒಂದು ಅಳತಿ ಐತಲ್ಲ, ಅದರಾಗ ಸಕ್ಕರಿ ಸುಮಾರು 65, ಮಾಲ್ಟಿಟಾಲ್ ಪೌಡರ್ ಸುಮಾರು 35, ಸಿರಪ್ ಆದ್ರ 50ರ ಹತ್ರ ಹೋಗ್ತೈತಿ. ಕ್ಯಾಲೊರಿನೂ ಅಷ್ಟ, ಗ್ರಾಂ ಸಕ್ಕರಿಗೆ 4 ಇದ್ರ ಇದಕ್ಕ ಎರಡರ ಮ್ಯಾಲೆ ಸ್ವಲ್ಪ. ಅಂದ್ರ ಎರಡು ಪೀಸ್ ತಿಂದ್ರ ಒಂದು ಸಾದಾ ಪೀಸ್ ತಿಂದಂಗ ಆತಲ್ರಿ. ಅದರ ಮ್ಯಾಲೆ ಲಾಡಿನ ಕಡ್ಲಿಹಿಟ್ಟು, ಬರ್ಫಿಯೊಳಗಿನ ಅಂಜೂರ, ತುಪ್ಪ ಎಲ್ಲಾ ಪೂರ್ತಿ ಹಂಗ ಐತಿ, ಅದನ್ನ ಯಾರೂ ತಗದಿಲ್ಲ.

ಇನ್ನೊಂದು ಮಾತು, ನಮ್ಮ ದೇಶದ ಫುಡ್ ರೂಲ್ ಪ್ರಕಾರ ಶುಗರ್ ಫ್ರೀ ಅಂತ ಬರೀಬೇಕಂದ್ರ 100 ಗ್ರಾಂನ್ಯಾಗ ಸಕ್ಕರಿ ಅರ್ಧ ಗ್ರಾಂ ದಾಟಬಾರದು. ಆ ಲೆಕ್ಕದಾಗ ಖೋವಾ ಹಾಕಿದ ಸ್ವೀಟ್ ಶುಗರ್ ಫ್ರೀ ಆಗಾಕ ಸಾಧ್ಯನ ಇಲ್ಲ, ಹಾಲಿನ್ಯಾಗ ಲ್ಯಾಕ್ಟೋಸ್ ಅನ್ನೋ ಸಕ್ಕರಿ ಹುಟ್ಟಿನಿಂದ ಇರ್ತೈತಿ. ಗೋಡಂಬ್ಯಾಗೂ ಸ್ವಲ್ಪ ಐತಿ. ಸಕ್ಕರಿ ನಾವು ಹಾಕಿಲ್ಲ ಅನ್ನೂದು ಬ್ಯಾರೆ, ಸಕ್ಕರಿ ಇಲ್ಲ ಅನ್ನೂದು ಬ್ಯಾರೆ. ಹಿಂದಿನ ಟೇಬಲ್ದಾಗ ಕಾರ್ಬೋಹೈಡ್ರೇಟ್ ಎಷ್ಟು ಅನ್ನೂದು ನೋಡ್ರಿ, ಅದ ನಿಮ್ಮ ಅಪ್ಪಾಜಿದು ಲೆಕ್ಕ. ಅದೂ ಒಂದು ಸರ್ವಿಂಗಿಗೆ ಬರದಾರೋ 100 ಗ್ರಾಂಗೆ ಬರದಾರೋ ನೋಡ್ಕೋರಿ, 20 ಗ್ರಾಂಗೆ ಬರದು ಕಡಿಮಿ ತೋರಸ್ತಾರ.

ಬಿಸಿಲೂರು_ಬಳ್ಳಾರಿ:

ಡಬ್ಬಿ ಸೀದಾ ಬಿಸಾಕ್ರಿ. ಈ ಸ್ವೀಟ್ನರ್ ಎಲ್ಲಾ ಕ್ಯಾನ್ಸರ್ ಅಂತ ಡಬ್ಲ್ಯೂಎಚ್‌ಓನೇ ಹೇಳೈತೆ, ವಾಟ್ಸಪ್‌ನಾಗೆ ಬಂದಿತ್ತು ನೋಡ್ಲಿಲ್ವಾ.

ಗುಳಿಗಿ_ಅಂಗಡಿ, ಗಂಗಾವತಿ:

ಹಂಗ ಹೇಳಿಲ್ರಿ ಬಳ್ಳಾರಿಯವರ. 2023ರ ಜುಲೈದಾಗ ಡಬ್ಲ್ಯೂಎಚ್‌ಓದ ಕ್ಯಾನ್ಸರ್ ಸಂಸ್ಥೆಯವರು ಆಸ್ಪರ್ಟೇಮ್ ಅನ್ನೋ ಸ್ವೀಟ್ನರ್ ಒಂದನ್ನ 'ಕ್ಯಾನ್ಸರ್ ತರೋ ಸಾಧ್ಯತೆ ಇರಬಹುದು' ಅನ್ನೋ 2ಬಿ ಪಟ್ಟಿಗೆ ಸೇರಿಸಿದ್ರು, ಪುರಾವೆ ಕಮ್ಮಿ ಇದ್ದಾಗ ಹಾಕೋ ಪಟ್ಟಿ ಅದು. ಅದ ದಿನ ಡಬ್ಲ್ಯೂಎಚ್‌ಓದ ಇನ್ನೊಂದು ಕಮಿಟಿ ದಿನಕ್ಕ ಮೈ ತೂಕದ ಕೆಜಿಗೆ 40 ಮಿಲಿಗ್ರಾಂ ತನಕ ನಡಿತೈತಿ ಅನ್ನೋ ಹಳೇ ಮಿತಿನ ಹಂಗ ಇಟ್ಟಿತು. ಮತ್ತ ಅದ ವರ್ಷದ ಮೇ ತಿಂಗಳದಾಗ ಬಂದ ಸಲಹೆ ಬ್ಯಾರೆನ, ತೂಕ ಇಳಸಾಕ ಸ್ವೀಟ್ನರ್ ನಂಬಬ್ಯಾಡ್ರಿ ಅಂತ, ಅದೂ ಆಗಲೇ ಶುಗರ್ ಇದ್ದೋರನ್ನ ಬಿಟ್ಟು ಉಳದವರಿಗೆ. ಹೆಂಗೂ ಆಸ್ಪರ್ಟೇಮ್ ಕಾಸಿದ್ರ ಸಿಹಿ ಹೋಗ್ತೈತಿ, ಕುದಿಸಿ ಮಾಡೋ ಸ್ವೀಟಿಗೆ ಅದು ಬರಂಗಿಲ್ಲ. ಅಂಜೂದಾದ್ರ ತುಪ್ಪಕ್ಕ ಅಂಜ್ರಿ.

ಜೋಳದರೊಟ್ಟಿ_ರಾಯಚೂರು:

ನನಗ ಶುಗರ್ ಬಂದು 12 ವರ್ಷ ಆದ್ವು, ಹೆಣ್ಮಗಳು ಅದೀನಿ, ಮನ್ಯಾಗ ಎಲ್ಲಾರಿಗೂ ಹಬ್ಬದಡಗಿ ಮಾಡಿ ಬಡಿಸಿ ನಾನು ಬಾಯಿ ಕಟ್ಟಿ ಕುಂದ್ರಾಕಿ. ಅದಕ್ಕ ಸ್ವಲ್ಪ ಮಾವಾರ ಪರವಾಗಿ ಮಾತಾಡ್ತೀನಿ. ಶುಗರ್ ಫ್ರೀ ಅಂದ್ರ ಎಲ್ಲಾ ಮೋಸ ಅನ್ನಬ್ಯಾಡ್ರಿ. ಚಹಾಕ್ಕ ದಿನಾ ಎರಡು ಹೊತ್ತು ಎರಡೆರಡು ಚಮಚ ಸಕ್ಕರಿ ಹಾಕೋತಿದ್ದೆ, ಅದನ್ನ ಬಿಟ್ಟು ಶುಗರ್ ಫ್ರೀ ಸಿಹಿ ಗುಳಿಗಿ ಹಾಕೋಳಿಕ್ಕ ಸುರು ಮಾಡಿದೆ, ಅದು ನನಗ ಖರೇನ ಉಪಯೋಗ ಆಗ್ಯದ. ದಿನಕ್ಕ ನಾಕು ಚಮಚ ಅಂದ್ರ ತಿಂಗಳಿಗೆ ಅರ್ಧ ಕೆಜಿ ಮ್ಯಾಲೆ ಸಕ್ಕರಿ ಬಿಟ್ಟಂಗ ಆತು. ಆದ್ರ ಚಹಾದ ಗುಳಿಗಿ ಬ್ಯಾರೆ, ಮಿಠಾಯಿ ಬ್ಯಾರೆ. ಚಹಾದಾಗ ಸಕ್ಕರಿ ತಗದ್ರ ಉಳಿಯೂದು ನೀರು ಹಾಲು. ಮಿಠಾಯ್ಯಾಗ ಸಕ್ಕರಿ ತಗದ್ರ ಉಳಿಯೂದು ಖೋವಾ, ಹಿಟ್ಟು, ತುಪ್ಪ.

ಈಗ ನಿಮ್ಮ ಅವ್ವಾರಿಗೆ ಒಂದು ಮಾತು, ಸಿಟ್ಟಾಗಬಾರದು. ಬೆಲ್ಲ ಏನೂ ಮಾಡೂದಿಲ್ಲ ಅನ್ನೂದು ನಾನೂ ಆರು ವರ್ಷ ನಂಬಿದ್ದೆ, ನಮ್ಮತ್ತಿಯವರು ಹೇಳಿಕೊಟ್ಟಿದ್ರು. ಬೆಲ್ಲದಾಗ ನೂರಕ್ಕ 65ರಿಂದ 85 ಪಾಲು ಅದ ಸಕ್ಕರಿನ ಅದ. ಕಬ್ಬಣ ಅದ ಅಂತಾರ, ಇರಲಿ, ಕಬ್ಬಣಕ್ಕ ಅಂತ ಅಷ್ಟು ಬೆಲ್ಲ ತಿನ್ನೂದಕ್ಕಿಂತ ಪುಂಡಿಪಲ್ಯ ತಿಂದ್ರ ಆತು. ನಾನು ಚಹಾಕ್ಕ ಬೆಲ್ಲ ಹಾಕೋತಿದ್ದ ಕಾಲಕ್ಕ ಎಚ್‌ಬಿಎ1ಸಿ 8.6 ಇತ್ತು, ಹೊಟ್ಟಿ ತುಂಬ ಬೆಲ್ಲ ಕುಡದು ಡಾಕ್ಟರ್ ಮುಂದ 'ನಾ ಸಕ್ಕರಿ ಮುಟ್ಟೂದಿಲ್ರಿ' ಅಂತ ಆಣಿ ಮಾಡಿ ಹೇಳ್ತಿದ್ದೆ.

ನಾನು ಈಗ ಏನ್ ಮಾಡ್ತೀನಿ ಅಂದ್ರ, ಹಬ್ಬಕ್ಕ ಶೇಂಗಾ ಉಂಡಿ ಮಾಡೂವಾಗ ನನ್ನ ಪಾಲಿಂದು ಮೊದಲ ಬ್ಯಾರೆ ಕಟ್ಟಿಡ್ತೀನಿ, ಅಡಕಿಗಿಂತ ಸ್ವಲ್ಪ ದೊಡ್ಡದು ಅಷ್ಟ. ಶೇಂಗಾ ಜಾಸ್ತಿ, ಬೆಲ್ಲ ಕೈಗೆ ಅಂಟುವಷ್ಟ. ಉಂಡಿ ಕಟ್ಟಲಿಕ್ಕ ಬರಂಗಿಲ್ಲ, ಒಡಿತದ, ಅದಕ್ಕ ಒಂದೆರಡು ಹನಿ ಬಿಸಿನೀರು ಕೈಗೆ ಹಚ್ಚಿಕೊಂಡು ಗಟ್ಟಿ ಒತ್ತಿ ಕಟ್ತೀನಿ. ಊಟದ ಕಡೀಕ ತಿಂತೀನಿ, ಬರೇ ಹೊಟ್ಟ್ಯಾಗ ಅಲ್ಲ. ಮೊದಲ ಪಲ್ಯ, ಕೋಸಂಬರಿ, ಆಮ್ಯಾಲೆ ರೊಟ್ಟಿ, ಕಡೀಕ ಉಂಡಿ, ಅದಾದಮ್ಯಾಲೆ ಹತ್ತು ಹದಿನೈದು ನಿಮಿಷ ಓಣ್ಯಾಗ ನಡದಾಡೂದು. ರವಾ ಉಂಡಿ ಮಾತ್ರ ಮುಟ್ಟೂದಿಲ್ಲ, ಅದು ನನಗ ಮೀಟರ್ದಾಗ ಸೀದಾ ಮ್ಯಾಲೆ ಹಾರ್ತದ. ಈಗ 7.1 ಅದ. ಉಂಡಿ ಒಂದರಿಂದ ಆಗಿದ್ದಲ್ಲ, ಗುಳಿಗಿ ಬದಲಾತು, ರಾತ್ರಿ ಅನ್ನ ಬಿಟ್ಟೆ, ಎಲ್ಲಾ ಸೇರಿ ಆಗಿದ್ದು.

ಒಗ್ಗರಣಿ_ಮಿರ್ಚಿ:

ನಮ್ಮ ಕಡೆ ಮಂದಿ ಕಾಜು ಕಟ್ಲಿಗೆ ಇಷ್ಟು ತಲಿ ಕೆಡಸ್ಕೊಂತಾರ, ಮುಂಜಾನಿ ಒಂದು ಪುಟ್ಟಿ ಮಂಡಕ್ಕಿ ಒಗ್ಗರಣಿ, ಅದರ ಮ್ಯಾಲೆ ನಾಕ ಮಿರ್ಚಿ ಹೊಡದು ಬರ್ತಾರಲ್ಲ ಅದಕ್ಕ ಯಾರೂ ಮೀಟರ್ ಹಚ್ಚೂದಿಲ್ಲ. ಮಂಡಕ್ಕಿ ಅಂದ್ರ ಉಬ್ಬಿಸಿದ ಅಕ್ಕಿನಪಾ. ಗವಿಮಠದ ಜಾತ್ರ್ಯಾಗ ಮಾದ್ಲಿ ಎರಡು ಸಲ ಹಾಕಿಸ್ಕೊಂಡಾಗೂ ಅಷ್ಟ, ಪ್ರಸಾದ ಅಂದ್ರ ಶುಗರ್ ಏರೂದಿಲ್ಲ ಅಂತ ನಮ್ಮ ಕಾಕಾನ ಥಿಯರಿ.

ಪಾಕದ_ಎಳಿ, ಬಳ್ಳಾರಿ:

ನಂದು ಸಣ್ಣ ಸ್ವೀಟ್ ಅಂಗಡಿ ಐತೆ, 18 ವರ್ಷದಿಂದ ಭಟ್ಟಿ ಮುಂದೆ ಇದೀನಿ, ಒಳಗಿನ ಕತೆ ಹೇಳ್ತೀನಿ, ಬೈಕೊಳ್ಳೋರು ಬೈಕೊಳ್ಳಿ.

ಸ್ವೀಟಿನಾಗೆ ಸಕ್ಕರೆ ಸಿಹಿಗೆ ಮಾತ್ರ ಅಂತ ತಿಳ್ಕೊಂಡಾರೆ ಜನ. ಅಲ್ಲ. ಕಟ್ಲಿನಾಗೆ ಗೋಡಂಬಿ ಪುಡಿ ಒಂದು ಕೆಜಿ ಅಂದ್ರೆ ಸಕ್ಕರೆ ಅರ್ಧ ಕೆಜಿಗಿಂತ ಮೇಲೇ ಬೀಳ್ತೈತೆ, ತೂಕ ಅದು, ಹದ ಅದು, ಒಂದೆಳೆ ಪಾಕ ಬಂದ್ರೇನೇ ಕಟ್ಲಿ ಹಾಳೆ ಹಂಗೆ ಕೂರೋದು. ಲಾಡಿಗೂ ಅಷ್ಟೇ, ಪಾಕ ಹಿಡಿದಿಲ್ಲ ಅಂದ್ರೆ ಬೂಂದಿ ಬೂಂದಿ ಉದುರ್ತೈತೆ. ಮತ್ತೆ ಕೆಡದಂಗೆ ಕಾಯೋದೂ ಸಕ್ಕರೇನೇ. ಈಗ ಅದನ್ನ ತಗದು ಸುಕ್ರಲೋಸ್ ಹಾಕು ಅಂದ್ರೆ, ಅದು ಸಕ್ಕರೆಗಿಂತ 600 ಪಟ್ಟು ಸಿಹಿ, ಒಂದು ಕೆಜಿ ಸಕ್ಕರೆ ಜಾಗಕ್ಕೆ ಎರಡು ಗ್ರಾಂ ಒಳಗೇ ಸಾಕಾಗ್ತೈತೆ. ಉಳಿದ ಜಾಗ ಏನ್ ತುಂಬೋದು? ಅದಕ್ಕೇ ಒಂದೋ ಮಾಲ್ಟಿಟಾಲ್ ಹಾಕ್ತೀವಿ, ಇಲ್ಲಾ ಖರ್ಜೂರ ಅಂಜೂರ ರುಬ್ಬಿ ಹಾಕ್ತೀವಿ, ಇಲ್ಲಾ ಗೋಡಂಬಿ ಖೋವಾನೇ ಜಾಸ್ತಿ ಮಾಡ್ತೀವಿ. ಅದಕ್ಕೇ ರೇಟು ಡಬಲ್.

ಖರ್ಜೂರದ ರೋಲ್ ಅಂತೂ ಈಗ ಶುಗರ್ ಇದ್ದೋರೇ ಕೆಜಿಗಟ್ಟಲೆ ಒಯ್ತಾರೆ, ನ್ಯಾಚುರಲ್ ಅಂತ. ನೂರು ಗ್ರಾಂ ಖರ್ಜೂರದಾಗೆ ಅರವತ್ತು ಗ್ರಾಂ ಮೇಲೆ ಸಕ್ಕರೇನೇ ಐತೆ, ಒಣ ಅಂಜೂರದಾಗೂ ಹತ್ರ ಹತ್ರ ಅರ್ಧ. ನಾನೇ ನಮ್ಮ ಗಿರಾಕಿ ಒಬ್ರಿಗೆ ಹೇಳ್ದೆ, ಸಾರ್ ಇದೂ ಸಿಹಿನೇ, ಮೂರು ತಿನ್ಬೇಡಿ ಅಂತ. 'ನೀನು ಅಂಗಡಿ ಇಟ್ಟಿದ್ದು ವ್ಯಾಪಾರ ಮಾಡೋಕೋ ಪಾಠ ಹೇಳೋಕೋ' ಅಂದ್ರು. ಅವತ್ತಿಂದ ಕೇಳಿದೋರಿಗೆ ಮಾತ್ರ ಹೇಳ್ತೀನಿ.

ಒಂದು ನೆನಪಿರ್ಲಿ, ಗಾಜಿನ ಕಪಾಟಿನಾಗೆ ಲೂಸ್ ಇಟ್ಟಿರೋ ಶುಗರ್ ಫ್ರೀಗೆ ಡಬ್ಬಿ ಹಂಗೆ ಹಿಂದಿನ ಟೇಬಲ್ ಇರಲ್ಲ. 2020ರ ಅಕ್ಟೋಬರ್‌ನಿಂದ ಟ್ರೇ ಮುಂದೆ ಎಲ್ಲಿ ತನಕ ತಿನ್ಬಹುದು ಅನ್ನೋ ದಿನಾಂಕ ಹಾಕಲೇಬೇಕು ಅಂತ ರೂಲ್ ಬಂತು, ಆದ್ರೆ ಒಳಗೆ ಏನು ಹಾಕೀರಿ ಅಂತ ನೀವೇ ಕೇಳ್ಬೇಕು. 'ಏನು ಹಾಕಿ ಮಾಡೀರಿ' ಅಂತ ನೇರ ಕೇಳಿ, ಹೇಳಕ್ಕೆ ತಡವರಿಸಿದ್ರೆ ತಗೋಬೇಡಿ. ನಮ್ಮ ಮನೆಯಾಗೆ ನಮ್ಮಮ್ಮಗೆ ಶುಗರ್ ಐತೆ, ಆಕಿಗೆ ನಾನು ಶುಗರ್ ಫ್ರೀ ಒಯ್ಯಲ್ಲ, ದಿನಾ ಕಟ್ ಮಾಡೋವಾಗ ಉಳಿಯೋ ಸಾದಾ ಕಟ್ಲಿ ಮೂಲೆ ಚೂರು ಐತಲ್ಲ, ವಾರಕ್ಕೊಂದ್ಸಲ ಅದೊಂದು ಒಯ್ದು ಕೊಡ್ತೀನಿ.

ತುಂಗಭದ್ರಾ_ಎಡದಂಡೆ, ಸಿಂಧನೂರು:

ಎಲ್ಲಾರೂ ಶುಗರ್ ಏರೂದು ಹೇಳಿದ್ರಿ, ಇಳಿಯೂದು ಯಾರೂ ಹೇಳಲಿಲ್ಲ. ಅಪ್ಪಾಜಿಗೆ ಗ್ಲಿಮೆಪಿರೈಡ್ ಅದ ಅಂದ್ರಲ್ಲ, ಆ ಗುಳಿಗಿ ತಗೊಂಡು ಊಟ ತಡ ಆದ್ರ ಶುಗರ್ ಬಾಳ ಇಳದುಬಿಡಬಹುದು, ಅದಕ್ಕ ಬರದೀನಿ. ನಮ್ಮ ದೊಡ್ಡಪ್ಪಾರಿಗೂ ಅದ ಗುಳಿಗಿ. ಹೋದ ವರ್ಷ ಭತ್ತ ನಾಟಿ ಟೈಮ್ದಾಗ ಮುಂಜಾನಿ ಗುಳಿಗಿ ತಗೊಂಡು ಬುತ್ತಿ ಬರೂದು ತಡ ಆಗಿ ಹೊಲದಾಗ ನಿಂತ ನಿಂತಲ್ಲೆ ಬೆವರಿ ಕೈ ನಡಗಲಿಕ್ಕ ಹತ್ತಿದ್ವು, ಮಾತು ತೊದಲಲಿಕ್ಕ ಹತ್ತಿತು, ಆಳುಮಕ್ಳು ಕುಡದಾರೇನೋ ಅಂದ್ಕೊಂಡ್ರು. ಕಿಸೆದಾಗ ಮೊಮ್ಮಗಳು ಕೊಟ್ಟಿದ್ದ ಶುಗರ್ ಫ್ರೀ ಚಾಕಲೇಟ್ ಇತ್ತು, ಅದನ್ನ ಬಾಯಾಗ ಹಾಕಿ ಕುಂದ್ರಿಸಿದ್ವಿ, ಏನೂ ಆಗಲಿಲ್ಲ. ಆಗಂಗಿಲ್ಲ ಅನ್ನೂದು ಆಮ್ಯಾಲೆ ಗೊತ್ತಾತು. ಕಡೀಕ ಕೆನಾಲ್ ರೋಡಿನ ಚಹಾದ ಅಂಗಡಿಯಿಂದ ಸಕ್ಕರಿ ತಂದು ಮೂರು ಚಮಚ ನೀರಾಗ ಕಲಿಸಿ ಕುಡಿಸಿದ್ವಿ, ಕಾಲು ತಾಸಿನ್ಯಾಗ ಕಣ್ಣು ಬಿಟ್ಟು 'ಬುತ್ತಿ ಬಂತೇನಲೇ' ಅಂದ್ರು.

ಅಂದ್ರ ಶುಗರ್ 70ಕ್ಕಿಂತ ಇಳದಾಗ ಬೇಕಾಗೂದು ಸಾದಾ ಸಕ್ಕರಿ ಇಲ್ಲಾಂದ್ರ ಗ್ಲೂಕೋಸ್, 15 ಗ್ರಾಂ, ಕಾಲು ತಾಸು ಬಿಟ್ಟು ಮತ್ತ ಚೆಕ್. ಕಟ್ಲಿ ಲಾಡುನೂ ಕೆಲಸಕ್ಕ ಬರಂಗಿಲ್ಲ, ತುಪ್ಪದಿಂದ ರಕ್ತಕ್ಕ ಸೇರೂದು ತಡ ಆಗ್ತದ. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ್ರಿ, ಸೀದಾ ದವಾಖಾನಿಗೆ. ಮನ್ಯಾಗ ಶುಗರ್ ಇದ್ದೋರು ಅದಾರಂತ ಸಕ್ಕರಿ ಡಬ್ಬಿನ ತಗದು ಬಿಡಬ್ಯಾಡ್ರಿ.

ಗವಿಗುಡ್ಡ_ಕೊಪ್ಪಳ:

ಸಿಂಧನೂರಿನವರ, ಇದು ನಮಗ ಗೊತ್ತ ಇರಲಿಲ್ಲ. ಅಪ್ಪಾಜಿ ಅಂಗಿ ಕಿಸೆದಾಗ ಇವತ್ತ ಗ್ಲೂಕೋಸ್ ಪೊಟ್ಟಣ ಇಟ್ಟೆ.

ಮತ್ತ ನಾನೂ ಸುಮ್ಮನ ಕುಂದ್ರಲಿಲ್ಲ, ಮೂರು ದಿನ ಟೆಸ್ಟ್ ಮಾಡೀನಿ. ಮಧ್ಯಾಹ್ನ ದಿನಾ ಅದ ಊಟ, ಎರಡು ಜೋಳದ ರೊಟ್ಟಿ, ಬದನಿಕಾಯಿ ಪಲ್ಯ, ಮಜ್ಜಿಗಿ. ಮೊದಲನೇ ದಿನ ಸಿಹಿ ಇಲ್ಲ, ಊಟಕ್ಕ ಮೊದಲ 142, ಎರಡು ತಾಸಿಗೆ 188. ಎರಡನೇ ದಿನ ಅವ್ವನ ಶೇಂಗಾ ಉಂಡಿ ಒಂದು, ನಿಂಬಿಹಣ್ಣಿನ ಗಾತ್ರದ್ದು, 139 ಇದ್ದಿದ್ದು 214 ಆತು. ಅವ್ವ ಮೀಟರ್ ಕೆಟ್ಟೈತಿ ಅಂದ್ಲು. ಮೂರನೇ ದಿನ ಡಬ್ಬಿ ಕಟ್ಲಿ ಒಂದ ಒಂದು, 145 ಇದ್ದಿದ್ದು 203. ಮಾವಾರಿಗೆ ಫೋನ್ ಹಚ್ಚಿ ಹೇಳಿದೆ, ನೋಡ್ದಿ ಇಲ್ಲೋ ಅಂತ ಖುಷಿ ಆದ್ರು.

ಜೋಳದರೊಟ್ಟಿ_ರಾಯಚೂರು:

ಚಲೋ ಮಾಡೀರಿ. ಆದ್ರ 214ಕ್ಕೂ 203ಕ್ಕೂ ಯಾರೂ ಗೆದ್ದಿಲ್ಲ ತಮ್ಮಾ, ಮೀಟರ್ ಅನ್ನೂದು ನೂರಕ್ಕ 15 ಆಚೀಚಿ ತೋರಸ್ತದ, ಅದರೊಳಗ ಬಂತು ಇದು. ಉಂಡಿ ತಿಂದ ದಿನ ಕೈ ಸಾಬೂನು ಹಚ್ಚಿ ತೊಳದಿದ್ರೇನು? ಬೆಲ್ಲ, ಹಣ್ಣು ಅಂಟಿದ ಬೆರಳಿಗೆ ಸೂಜಿ ಚುಚ್ಚಿದ್ರ ಸುಳ್ಳ ಜಾಸ್ತಿ ಬರ್ತದ, ನನಗ ಒಮ್ಮೆ ಬಾಳೆಹಣ್ಣು ಸುಲದು ಹಂಗ ಚುಚ್ಚಿದಾಗ 300ರ ಮ್ಯಾಲೆ ಬಂದು ಮನ್ಯಾಗೆಲ್ಲಾ ಗಾಬರಿ ಆಗಿತ್ತು. ತುಪ್ಪದ ಸ್ವೀಟ್ ಆದ್ರ ನಾಕು ತಾಸಿಗೂ ಒಮ್ಮೆ ನೋಡ್ರಿ, ತಡಾ ಆಗಿ ಏರ್ತದ.

ಗವಿಗುಡ್ಡ_ಕೊಪ್ಪಳ:

ಅಕ್ಕಾರ, ಕೈ ತೊಳದಿರಲಿಲ್ರಿ, ಬರೇ ಟಾವೆಲ್ಲಿಗೆ ಒರಸ್ಕೊಂಡಿದ್ರು. ಅವ್ವಗ ಹೇಳಿದ್ದಕ್ಕ ಈಗ ಅಕಿ ಕುಣ್ಯಾಕತ್ತಾಳ. ನಿನ್ನೆ ಮತ್ತ ಅದ ಊಟಕ್ಕ ಕೈ ತೊಳಸಿ ಅರ್ಧ ಉಂಡಿ ಕೊಟ್ಟು, ಗಡಿಯಾರ ಕಂಬದ ತನಕ ನಡಿಸಿಕೊಂಡು ಬಂದೆ, 191. ಅಪ್ಪಾಜಿನ ಕೇಳಿದೆ, ಎರಡರಾಗ ಯಾವುದು ಬೇಕ್ರಿ, ಒಂದು ಕಟ್ಲಿನೋ ಅರ್ಧ ಉಂಡಿನೋ ಅಂತ. ಬಾಳೊತ್ತು ಇಚಾರ ಮಾಡಿ 'ಅರ್ಧ ಉಂಡಿ, ಆದ್ರ ಅರ್ಧ ಮಾಡೂದು ನಾನು' ಅಂದ್ರು. ಅಳಿಯಂದ್ರಿಗೆ ಬ್ಯಾರೆ ಹೇಳಿ ಕಳಿಸ್ಯಾರ, ದೀಪಾವಳಿಗೆ ಸ್ವೀಟ್ ಬ್ಯಾಡ, ಆ ರೊಕ್ಕಕ್ಕ ಮೀಟರಿನ ಸ್ಟ್ರಿಪ್ ಡಬ್ಬಿ ತರ್ರಿ ಅಂತ, ನಾಕು ದಿನದಾಗ ನಾನು ಸ್ಟ್ರಿಪ್ ಖಾಲಿ ಮಾಡೀನಲ್ಲ.

ಒಗ್ಗರಣಿ_ಮಿರ್ಚಿ:

ಅದೆಲ್ಲಾ ಇರಲಿ, ಡಬ್ಬ್ಯಾಗ ಉಳದಿದ್ದು ಏನಾತು?

ಗವಿಗುಡ್ಡ_ಕೊಪ್ಪಳ:

ಡಬಲ್ ರೇಟಿನ ಸ್ವೀಟ್ ಚೆಲ್ಲಾಕ ಮನಸ್ಸು ಬರಲಿಲ್ಲಪಾ, ನಿನ್ನೆ ರಾತ್ರಿ ನಾನ ತಿಂದೆ. ಇವತ್ತ ಮುಂಜಾನಿಯಿಂದ ಬಚ್ಚಲ ಕಡೆ ನಂದ ಪಾಳಿ.